ಹಿಂದಿನ ಸಾಲು, ಮುಂದಿನ ಸಾಲು

ಬೆಳಿಗ್ಗೆ ಚರ್ಚಿನ ಹಿಂದಿನ ಕಪ್ಪು ಬಂಡೆಗಳ ಕೆಳಗೆ ಎಲೆಕಾನರ ಹೆಣ ಸಿಕ್ಕಿತು. ಸವಾಯಿ ದ್ವೀಪದ ಆ ಹಳ್ಳಿಗೆ ನಲವತ್ತು ವರ್ಷ ಬೈಬಲ್ ಪಾಠ ಹೇಳಿದ ಮುದುಕ. ಅಲೆಗೆ ಸಿಕ್ಕ ಅಂಗಿ ಪೂರ್ತಿ ತೊಯ್ದಿತ್ತು. ಜೇಬಿನಲ್ಲಿ ಅವರದೇ ಕೈಬರಹದ ಚೀಟಿ, ಅಂಚಷ್ಟೇ ತೇವ, ಶಾಯಿ ಕದಡಿರಲಿಲ್ಲ: 'ನಾನು ಹೊರಡುವ ಕಾಲ ಹತ್ತಿರವಾಗಿದೆ.'

“ತಾನೇ ಹಾರ್ಕೊಂಡಿದ್ದಾರೆ. ಚೀಟೀಲೇ ಇದೆಯಲ್ಲಮ್ಮ,” ಎಂದ ಯಾಕೊಪೊ. ಹೆಣವನ್ನು ಮೊದಲು ಕಂಡವನು ಅವನೇ, ಚರ್ಚ್ ಸಭೆಯ ಹಿರಿಯ.

ಪೊಲೀಸ್ ಸಾರ್ಜೆಂಟ್ ಸಿಯೆನಿ ಚೀಟಿಯನ್ನು ತೆಗೆದಿಟ್ಟುಕೊಂಡಳು. ಅವಳಿಗೆ ಅಕ್ಷರ ಕಲಿಸಿದವರು ಎಲೆಕಾನ. ಆತ್ಮಹತ್ಯೆಯಾದರೆ ಚರ್ಚಿನ ಅಂಗಳದಲ್ಲಿ ಹೂಳಬಾರದೆಂದು ಜನ ಆಗಲೇ ಗುಸುಗುಸು ಶುರುಮಾಡಿದ್ದರು.

* * *

ಹಿಂದಿನ ಸಂಜೆ ಎಲೆಕಾನರ ಮನೆಯಿಂದ ಲೋಸಾ ಅಳುತ್ತಾ ಹೋದದ್ದನ್ನು ಕಂಡವರಿದ್ದರು. ಲೋಸಾ ವಿಧವೆ, ಈಗ ಬಸುರಿ. ಅವಳನ್ನು ಊರಿಂದಾಚೆ ಹಾಕಿಸಬೇಕೆಂದು ಯಾಕೊಪೊ ಹಟ ಹಿಡಿದಿದ್ದ.

“ನಿನ್ನ ವಿಷಯಕ್ಕೇ ನೊಂದ್ಕೊಂಡ್ರಾ?” ಸಿಯೆನಿ ಕೇಳಿದಳು.

“ಇಲ್ಲಕ್ಕಾ. ಸೋಮವಾರ ಊರಸಭೇಲಿ ನಿನ್ನ ಪರ ನಾನು ಮಾತಾಡ್ತೀನಿ ಅಂದ್ರು. ಅದಕ್ಕೇ ಅಳು ಬಂತು. ಸಾಯೋರು ಹಾಗಂತಾರಾ?”

ಸಿಯೆನಿ ಚೀಟಿ ತೋರಿಸಿದಳು. ಲೋಸಾ ಒಳಗೆ ಹೋಗಿ ಒಂದು ಹಾಳೆ ತಂದಳು. ಈ ವಾರದ ಬೈಬಲ್ ಪಾಠ. ನಡುವೆ ಅದೇ ಸಾಲು! ಮೇಲೆ, 'ಸೆರೆಮನೆಯಿಂದ ಪೌಲನು ತಿಮೊಥೆಗೆ ಬರೆದ ಪತ್ರ.' ಕೆಳಗೆ ಪ್ರಶ್ನೆಗಳು: 'ಯಾರು ಹೇಳಿದ್ದು? ಯಾರಿಗೆ? ಹಿಂದಿನ, ಮುಂದಿನ ಸಾಲು ಏನನ್ನುತ್ತದೆ?'

“ಇಂಥವು ಎಷ್ಟು ಬರೆದಿದ್ರು?”

“ಪಾಠಕ್ಕೆ ಬರೋ ನಾವು ನಾಕು ಜನಕ್ಕೆ ನಾಕು. ತಮಗೊಂದು.”

* * *

ಮಧ್ಯಾಹ್ನ ಸಿಯೆನಿ ನಾಲ್ವರನ್ನೂ ಚರ್ಚಿನಲ್ಲಿ ಕೂರಿಸಿದಳು. ಮೂರು ಹಾಳೆ ಬಂದವು. ಎಲೆಕಾನರದು ಅವರ ಬೈಬಲಿನೊಳಗೆ ಇಡಿಯಾಗಿತ್ತು.

“ನಿಮ್ಮದೆಲ್ಲಿ, ಹಿರಿಯರೇ?”

“ಕಳ್ಕೊಂಡೆ.” ಯಾಕೊಪೊ ತಲೆ ತಗ್ಗಿಸಿದ.

“ಕಳೆದಿಲ್ಲ. ಇಲ್ಲಿದೆ.” ಅವಳು ಚೀಟಿಯನ್ನು ಲೋಸಾಳ ಹಾಳೆಯ ಮೇಲಿಟ್ಟಳು. “ಮೇಲೂ ಕೆಳಗೂ ಹರಿದು ಒಂದೇ ಸಾಲು ಉಳಿಸಿದ್ದೀರಿ. ಪೌಲನ ಮಾತನ್ನ ಎಲೆಕಾನರ ಮಾತು ಮಾಡಿದ್ರಿ. ಅವರು ಜೇಬಲ್ಲಿಟ್ಟುಕೊಂಡು ಬಿದ್ದಿದ್ರೆ ಚೀಟಿ ನೆನೆದು ಶಾಯಿ ಕದಡಬೇಕಿತ್ತು. ಬೆಳಿಗ್ಗೆ, ನೀರು ಇಳಿದ ಮೇಲೆ ಇಟ್ಟಿದ್ದಾರೆ. ಆಗ ಅಲ್ಲಿದ್ದೋರು ನೀವೊಬ್ಬರೇ.”

ಯಾಕೊಪೊ ಚೀಟಿಯನ್ನು ಹಾಳೆಯ ಮೇಲಿಂದ ಸರಿಸಿದ.

“ರಾತ್ರಿ ಬಂಡೆ ಮೇಲಿಂದ ನಾನೇ ತಳ್ಳಿದೆ. ಸಾಯಲಿ ಅಂತಲ್ಲ,” ಎಂದ ಕೊನೆಗೆ. “ಲೋಸಾಳ ಮಾತು ಬಂತು. ದುಷ್ಟರನ್ನ ನಿಮ್ಮೊಳಗಿಂದ ತೆಗೆದುಹಾಕಿ ಅಂತ ಪೌಲನೇ ಒಂದು ಸಭೆಗೆ ಬರೆದಿದ್ದಾನಲ್ಲಾ ಅಂದೆ. ಅದೇ ಸಭೆಗೆ ಬರೆದ ಎರಡನೇ ಪತ್ರ ಓದಿದ್ದೀಯಾ, ಅಂದ್ರು ಎಲೆಕಾನ. ಶಿಕ್ಷೆ ಸಾಕು, ಕ್ಷಮಿಸಿ, ಸಂತೈಸಿ, ಇಲ್ಲಾಂದ್ರೆ ದುಃಖ ತಪ್ಪು ಮಾಡಿದೋನನ್ನ ನುಂಗಿಬಿಡುತ್ತೆ ಅಂತಿದೆ ನೋಡು ಅಂದ್ರು. ಮೂವತ್ತು ವರ್ಷ ಪ್ರಸಂಗ ಮಾಡಿದೋನು ನಾನು. ಮಗ್ಗಿ ತಪ್ಪಿದ ಹುಡುಗನಿಗೆ ಹೇಳಿದ ಹಾಗೆ ಹೇಳಿದ್ರು. ತಡ್ಕೊಳ್ಳೋಕೆ ಆಗ್ಲಿಲ್ಲ.”

* * *

ಎಲೆಕಾನರನ್ನು ಚರ್ಚಿನ ಅಂಗಳದಲ್ಲೇ ಹೂಳಿದರು.

ಮರುದಿನ ನಸುಕಿನಲ್ಲಿ ಯಾಕೊಪೊನ ಹೆಂಡತಿ ಮಲಿಯ, ಎಲೆಕಾನರ ಮನೆ ಮುಂದೆ ನೆಲಕ್ಕೆ ಕೂತಳು. ತಲೆಯ ಮೇಲೆ ಮನೆತನದ ನಯವಾದ ಚಾಪೆ ಹೊದ್ದಿದ್ದಳು. ಕೊಂದವರ ಮನೆಯವರು ಹೀಗೆ ಕ್ಷಮೆ ಬೇಡುವುದು ದ್ವೀಪದ ಪದ್ಧತಿ; ಸತ್ತವರ ಕಡೆಯವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದಂತೆ. ಎಲೆಕಾನರಿಗೆ ಹೆಂಡತಿ ಮಕ್ಕಳಿರಲಿಲ್ಲ. ಜನ ದೂರ ನಿಂತು ನೋಡಿದರು. ಹೊತ್ತು ನೆತ್ತಿಗೇರಿತು. ಸಿಯೆನಿಗೂ ಕಾಲು ಮುಂದೆ ಬರಲಿಲ್ಲ.

ಆಗ ಲೋಸಾ ಹೊಟ್ಟೆ ಹಿಡಿದುಕೊಂಡು ನಿಧಾನ ನಡೆದುಬಂದಳು. ಬಾಗಿ, ಎರಡೂ ಕೈಯಿಂದ ಚಾಪೆ ಎತ್ತಿದಳು.

“ಏಳಕ್ಕಾ,” ಎಂದಳು. “ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು.”