ಎದ್ದು ಹೋಗುವ ಮನೆ

"ರೀ... ಯಾರ್ರೀ ಒಳಗ? ಗಾಡಿ ತಗೀರಿ! ಇದು ನಮ್ಮ ಜಾಗಾ!"

ಊರ್ಮಿಳಾ ಅಂಗೈಯಿಂದ ಬಸ್ಸಿನ ಮೈಯನ್ನು ಬಡಿದಳು. ಬಸ್ಸೆಂದರೆ ಬಸ್ಸಲ್ಲ. ಕಿಟಕಿಗೆ ಹೂವಿನ ಪರದೆ, ಬಾಗಿಲ ಪಕ್ಕ ಕಟ್ಟಿದ ತುಳಸಿಯ ಡಬ್ಬಿ, ಕನ್ನಡಿಯಿಂದ ಹಿಡಿಕೆಗೆ ಬಿಗಿದ ಹಗ್ಗದಲ್ಲಿ ಒಣಗುತ್ತಿದ್ದ ಪಂಚೆ! ಅದು ಅವರ ಸೈಟಿನ ನಟ್ಟನಡುವೆ ಅಡ್ಡಡ್ಡ ನಿಂತಿತ್ತು.

ನಾಶಿಕದಿಂದ ಓಝರಿಗೆ ಹೋಗುವ ದಾರಿಯ ಬದಿಗೆ ಆ ಸೈಟು. ಅವಳ ತಂದೆ ಕೇಶವಮೂರ್ತಿ ಓಝರಿನ ವಿಮಾನ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ದುಡಿದು, ಕ್ವಾರ್ಟರ್ಸಿನಲ್ಲೇ ಕೂದಲು ಬೆಳ್ಳಗಾಗಿಸಿಕೊಂಡವರು. ನಿವೃತ್ತಿ ಹತ್ತಿರ ಬಂದಿತ್ತು. ಇಂದು ಸ್ವಂತ ಮನೆಗೆ ಭೂಮಿಪೂಜೆ. ಭಟ್ಟರು ಬಂದಾಗಿತ್ತು, ಮುಹೂರ್ತ ಸರಿಯುತ್ತಿತ್ತು.

ಬಾಗಿಲು ತೆರೆಯಿತು. ಒದ್ದೆ ತಲೆಯ, ಹಣೆಗೆ ಗಂಧವಿಟ್ಟ ತರುಣನೊಬ್ಬ ಬಗ್ಗಿ ನೋಡಿದ. ಅವಳ ಕಿಡಿಗಣ್ಣಿಗೆ ಅವನ ಕಣ್ಣು ಸಿಕ್ಕಿತು.

"ಕನ್ನಡದವರೇನ್ರಿ? ಅಬ್ಬಾ! ಎಷ್ಟು ದಿನಾ ಆಗಿತ್ತು ಕನ್ನಡದಾಗ ಬೈಸಿಕೊಂಡು!" ಎಂದು ಅವನು ನಕ್ಕ.

"ನಗಬ್ಯಾಡ್ರಿ. ಇಷ್ಟು ಬಯಲು ಬಿದ್ದದ. ನಮ್ಮ ಜಾಗಾದಾಗೇ, ಅದೂ ಅಡ್ಡ ಹಚ್ಚಿ ನಿಲ್ಲಿಸಬೇಕಿತ್ತೇನು?"

"ದೇವರ ಮುಖ ಪೂರ್ವಕ್ಕ ಬರಬೇಕಲ್ರಿ. ನೀವು ಮನಿ ಕಟ್ಟೂಮುಂದ ದಿಕ್ಕು ನೋಡ್ತೀರಿ. ನಾ ನಿಲ್ಲಿಸೂಮುಂದ ನೋಡ್ತೀನಿ. ಒಂದ್ ನಿಮಿಷ... ನನ್ನ ಮನಿ ಈಗ ಸರೀತದ."

ಅವನ ಹೆಸರು ರಘುನಂದನ, ಧಾರವಾಡದವನು. ನಾಶಿಕದ ಅಂಬಡ ಬಡಾವಣೆಯ ಕಾರ್ಖಾನೆಗಳಲ್ಲೂ, ಆಗಿನ್ನೂ ಬಸ್ಸಿನ ಬೋರ್ಡಿನ ಮೇಲೆ ಔರಂಗಾಬಾದ್ ಎಂದೇ ಬರೆಯುತ್ತಿದ್ದ ಸಂಭಾಜಿನಗರದ ಕಾರ್ಖಾನೆಗಳಲ್ಲೂ ಪ್ಯಾಕಿಂಗ್ ಮಷೀನು ಜೋಡಿಸುವ ಎಂಜಿನಿಯರ್. ಎರಡೂ ಊರಲ್ಲಿ ಬಾಡಿಗೆ ಕೊಟ್ಟು ಎರಡೂ ಮನೆಗೆ ಬೀಗ ಹಾಕಿ ಅಲೆಯುವುದು ಸಾಕಾಗಿ, ಹಳೇ ಮಿನಿಬಸ್ಸನ್ನೇ ಮನೆ ಮಾಡಿಕೊಂಡಿದ್ದ.

ಬಸ್ಸು ಸರಿಯುವಾಗ ಊರ್ಮಿಳಾಳ ದೃಷ್ಟಿ ಅದರ ಮೆಟ್ಟಿಲ ಮೇಲೆ ಬಿತ್ತು. ಸಣ್ಣ ರಂಗೋಲಿ! ಎರಡು ಬದಿಗೆ ಅರಿಶಿನ, ಕುಂಕುಮ!

'ಓ... ಒಳಗ ಹೆಣ್ಣುಮಗಳು ಅದಾಳ!'

ಅದನ್ನೇ ಅವಳ ಸೋದರತ್ತೆ ರಾಧಾಬಾಯಿಯೂ ಕಂಡಳು. ಪೂಜೆ ಮುಗಿದ ಮೇಲೆ ಬರಿಗೈಲಿ ಕಳಿಸುವುದುಂಟೇ? ಗುಳೇದಗುಡ್ಡದ ಒಂದು ಕುಪ್ಪಸದ ಖಣ, ಅರಿಶಿನ ಕುಂಕುಮದ ಪೊಟ್ಟಣ, ಒಂದು ತೆಂಗಿನಕಾಯಿ ತಟ್ಟೆಯಲ್ಲಿಟ್ಟು, "ತಗೋಪಾ, ಒಳಗ ಕೊಡು" ಎಂದಳು. ಮುತ್ತೈದೆಗೆಂದು ಕೊಟ್ಟ ಖಣವನ್ನು ರಘುನಂದನ ಎರಡೂ ಕೈಯಿಂದ ಹಿಡಿದು ಕಣ್ಣಿಗೊತ್ತಿಕೊಂಡ.

ಅಲ್ಲಿಗೆ ಮಾತು ಮುಗಿಯಿತು. ಇವನಿಗೆ ಮದುವೆಯಾಗಿದೆ.

* * *

ಗೋಡೆ ಏಳತೊಡಗಿತು. ಊರ್ಮಿಳಾ ಹಣ್ಣು ರಫ್ತು ಮಾಡುವ ಕಂಪನಿಯೊಂದಕ್ಕಾಗಿ ಸಟಾಣಾ ಕಡೆಯ ದಾಳಿಂಬೆ ತೋಟಗಳನ್ನು ನೋಡಿಬರುವವಳು. ವಾರದಲ್ಲಿ ಅರ್ಧ ಲಾಡ್ಜಿನಲ್ಲೇ ಕಳೆಯುತ್ತಿತ್ತು. ಊರಲ್ಲಿದ್ದ ಸಂಜೆಗಳಲ್ಲಿ ಹೊಸ ಗೋಡೆಗೆ ನೀರು ಹೊಡೆಯಲು ಬರುತ್ತಿದ್ದಳು. ಪಕ್ಕದ ಬಯಲಲ್ಲಿ ಮನೆಗಾಡಿ ನಿಂತಿರುತ್ತಿತ್ತು.

ನೋಡಬಾರದೆಂದರೂ ಕಣ್ಣು ಅತ್ತಲೇ. ಎಷ್ಟೊಂದು ಕುತೂಹಲ! ನೀರು ಎಲ್ಲಿಂದ? ಅಡಿಗೆ ಎಲ್ಲಿ? ಮಳೆ ಬಂದರೆ?

"ಟಾಕಿ ಮಾಳಿಗಿ ಮ್ಯಾಲ ಅದರಿ," ಎಂದ ರಘುನಂದನ ಒಂದು ಸಂಜೆ, ಅವಳು ಕೇಳುವ ಮೊದಲೇ. "ಎಲ್ಲಾರೂ ಮೊದಲು ನೀರೇ ಕೇಳ್ತಾರ."

"ಟಪಾಲು?"

"ಅಂಬಡದ ಚಹಾದಂಗಡಿಗೆ ಬರ್ತದ. ಅಂಗಡಿ ಪ್ರಭಾಕರಗ ನನಕಿಂತ ಮೊದಲ ನನ್ನ ಸುದ್ದಿ ಗೊತ್ತಿರ್ತದ."

ಅವಳು ನಕ್ಕಳು. "ಮತ್ತ ನೆರೆಹೊರೆ?"

"ದಿನಾ ಹೊಸಬ್ರು. ಜಗಳ ಹಳೇದಾಗೂದ್ರಾಗ ನಾ ಮುಂದಿನ ಊರಾಗ!"

ನೀರಿನ ಪೈಪು ಅವಳ ಕೈಯಲ್ಲೇ ನಿಂತಿತು. ಆ ಮಾತು ಯಾಕೋ ಚುಚ್ಚಿತು. ಹಳೇ ಬಾಗಲಕೋಟೆಯಲ್ಲಿ ಅವರಿಗೊಂದು ಹಿರಿಯರ ಮನೆಯಿತ್ತು. ಅಣೆಕಟ್ಟಿನ ಹಿನ್ನೀರು ಅದನ್ನು ನುಂಗಿದ ವರ್ಷ ಅವಳಿನ್ನೂ ಕಾಲೇಜಿನ ಹುಡುಗಿ. ನೀರಿನೊಳಗೆ ನಿಂತ ಬಾಗಿಲ ಚೌಕಟ್ಟು ಇಂದಿಗೂ ಕನಸಿಗೆ ಬರುತ್ತಿತ್ತು. 'ಇದ್ದಲ್ಲೇ ಇರೋ ಮನಿ ಬೇಕವ್ವಾ... ನಾ ಎಲ್ಲೇ ಹೋಗಿ ಬಂದ್ರೂ ಅಲ್ಲೇ ಇರೋ ಮನಿ.' ಇದೊಂದೇ ಅವಳು ದೇವರಲ್ಲಿ ಬೇಡಿದ್ದು.

"ಒಳಗ ಬರ್ರಿ, ಚಹಾ ಕುಡೀರಿ," ಎಂದು ಅವನು ಕರೆದಾಗೆಲ್ಲ "ಬ್ಯಾಡ್ರಿ" ಎನ್ನುತ್ತಿದ್ದಳು. ಒಳಗಿರುವ ಆ ಹೆಣ್ಣುಮಗಳ ಮುಖ ಹೇಗೆ ನೋಡುವುದು? ಆಕೆ ಹೊರಗೇ ಬರುವುದಿಲ್ಲವಲ್ಲ! ನಾಚಿಕೆ ಸ್ವಭಾವವೋ, ಜಡ್ಡೋ... ಬಾಯಿಬಿಟ್ಟು ಕೇಳಲು ಅಂಜಿಕೆ. ಕೇಳಿದರೆ ತನ್ನ ಮನಸ್ಸೇ ಬಯಲಾದೀತು!

ಮನಸ್ಸು ಎಂಬುದು ಬಿಟ್ಟ ಕರುವಿನಂತೆ. ಬೇಲಿ ಯಾರದೆಂದು ಅದು ಕೇಳುವುದಿಲ್ಲ. ಅವನ ಬಸ್ಸಿನ ಸದ್ದು ಕೇಳಿದರೆ ಅವಳ ಎದೆ ಹಾರುತ್ತಿತ್ತು. ಆಮೇಲೆ ತಾನೇ ಕೆನ್ನೆ ಬಡಿದುಕೊಳ್ಳುತ್ತಿದ್ದಳು.

'ರಾಮ ರಾಮ! ಇನ್ನೊಬ್ಬಾಕಿ ಗಂಡ!'

ಒಂದು ಸಂಜೆ ರಘುನಂದನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ನಿಂತ. ಮುಖ ಕೆಂಪಾಗಿತ್ತು.

"ಊರ್ಮಿಳಾ ಅವರ... ನಿಮ್ಮ ವಿಷಯದಾಗ ನಿಮ್ಮ ಅಪ್ಪಾರ ಜೋಡಿ ಒಂದು ಮಾತು ಆಡಬೇಕಂತ ಮಾಡೀನಿ. ಅದಕ್ಕಿಂತ ಮೊದಲ ನಿಮ್ಮನ್ನ ಕೇಳೂದು ಧರ್ಮ..."

ಅವಳಿಗೆ ನೆಲವೇ ಬಿರಿದಂತಾಯಿತು. ಹೆಂಡತಿಯನ್ನು ಪರದೆಯ ಹಿಂದೆ ಕೂರಿಸಿ...!

"ನಾಚಿಕಿ ಆಗಂಗಿಲ್ಲೇನ್ರಿ ನಿಮಗ? ಯಾವ ಮಾರಿ ಇಟ್ಕೊಂಡು ಕೇಳ್ತೀರಿ!"

ಅವನ ಮುಖ ಬಾಡಿತು. ಒಮ್ಮೆ ತನ್ನ ಗಾಡಿಯನ್ನು, ಒಮ್ಮೆ ಅವರ ಹೊಸ ಗೋಡೆಯನ್ನು ನೋಡಿದ.

"ಖರೇ ಅದ... ತಪ್ಪಾತು. ಕ್ಷಮಾ ಮಾಡ್ರಿ," ಎಂದು ಸುಮ್ಮನೆ ತಿರುಗಿ ನಡೆದ.

ಮರುದಿನ ಬೆಳಿಗ್ಗೆ ಬಯಲಲ್ಲಿ ಗಾಲಿಯ ಗುರುತಷ್ಟೇ ಇತ್ತು.

ತಾನೇ ಬೈದು ಕಳಿಸಿದ್ದಲ್ಲವೇ? ಮತ್ತೆ ಈ ಕಣ್ಣೀರು ಯಾಕೆ!

* * *

ಶ್ರಾವಣ ಬಂತು. "ತ್ರ್ಯಂಬಕೇಶ್ವರ ಆತು, ಇನ್ನ ವೇರೂಳಿನ ಘೃಷ್ಣೇಶ್ವರನ್ನೂ ನೋಡಿ ಕಣ್ಣು ಮುಚ್ಚತೀನಿ," ಎಂದು ರಾಧಾಬಾಯಿ ಹಟ ಹಿಡಿದಳು. ಒಡಹುಟ್ಟಿದವರಲ್ಲಿ ಹಿರಿಯಳು, ಅವಳ ಮಾತು ಮೀರಿದವರಿಲ್ಲ. ಕೇಶವಮೂರ್ತಿ, ಊರ್ಮಿಳಾ, ರಾಧಾಬಾಯಿ ಮೂವರೂ ಯೇವಲಾ ಮಾರ್ಗದ ಬಸ್ಸು ಹಿಡಿದು ಸಂಭಾಜಿನಗರದಲ್ಲಿ ಉಳಿದು, ಸೋಮವಾರ ನಸುಕಿನ ಬಸ್ಸಿಗೆ ಎಲ್ಲೋರಾ ಗುಹೆಗಳ ಊರಾದ ವೇರೂಳಿಗೆ ಬಂದರು.

ಕೇಶವಮೂರ್ತಿ ದರ್ಶನದ ಸಾಲು ಹಿಡಿಯಲು ಮುಂದೆ ನಡೆದರು. ಗುಡಿಯ ಆಚೆ, ಗಾಡಿ ನಿಲ್ಲಿಸುವ ಬಯಲಲ್ಲಿ ಊರ್ಮಿಳಾಳ ಕಾಲು ತಡೆಯಿತು.

ಅದೇ ಹೂವಿನ ಪರದೆ!

"ಅಯ್ಯ! ನಮ್ಮ ಧಾರವಾಡದ ಹುಡುಗನ ಗಾಡಿ!" ರಾಧಾಬಾಯಿಗೆ ಸಂಭ್ರಮ. "ನಡೀ, ಆ ಹೆಣ್ಣುಮಗಳನ್ನ ಇವತ್ತರೇ ನೋಡೂಣು."

"ಅತ್ಯಾ, ಬ್ಯಾಡಾ... ಅತ್ಯಾ!"

ಕೇಳುವವರಾರು? ರಾಧಾಬಾಯಿ ಸೆರಗು ಸೊಂಟಕ್ಕೆ ಸಿಗಿಸಿ ಬಸ್ಸನ್ನು ಸುತ್ತಿ ಬಾಗಿಲ ಬದಿಗೆ ಬಂದಳು. ಹಿಂದೆಯೇ ಬಂದ ಊರ್ಮಿಳಾ ಕಲ್ಲಾಗಿ ನಿಂತಳು.

ರಘುನಂದನ ಕುಕ್ಕರಗಾಲಲ್ಲಿ ಕೂತು, ನಾಲಿಗೆ ತುದಿ ಕಚ್ಚಿಕೊಂಡು, ಮೆಟ್ಟಿಲ ಮೇಲೆ ರಂಗೋಲಿ ಎಳೆಯುತ್ತಿದ್ದ. ಒಂದು ಎಳೆ ಸೊಟ್ಟಗಾಗಿತ್ತು.

"ಏನೋ ಇದು! ಹೆಂಡತಿ ಎಲ್ಲೆ?"

ಅವನು ತಲೆಯೆತ್ತಿದ. "ಯಾರ ಹೆಂಡ್ತಿರಿ, ಅಮ್ಮಾರ?"

"ನಿನ್ನಾಕಿ! ನಾ ಖಣ ಕೊಟ್ಟೆನಲ್ಲ!"

"ಅದು ದೇವಿಗಲ್ಲೇನ್ರಿ? ನಾ ಏರಿಸಿಬಿಟ್ಟೆ!"

ಒಳಗೆ ದೇವರ ಗೂಡಿನಲ್ಲಿ ಬನಶಂಕರಿಯ ಪಟ. ಅದಕ್ಕೆ ನೆರಿಗೆ ಹಿಡಿದು ಉಡಿಸಿದ ಗುಳೇದಗುಡ್ಡದ ಖಣ!

"ನಮ್ಮವ್ವ ಇರೂತನಾ ಹೊಸ್ತಿಲ ಬರಿದು ಇಡಲಿಲ್ರಿ," ಎಂದ ಅವನು ಮೆಲ್ಲಗೆ. "ಆಕಿ ಹೋದ ಮ್ಯಾಲ ಬರಿ ಹೊಸ್ತಿಲ ದಾಟಾಕ ಮನಸ್ಸು ಬರಲಿಲ್ಲ. ನನಗ ಬಂದಂಗ ಹಾಕ್ತೀನಿ."

ರಾಧಾಬಾಯಿ ಹಣೆ ಹಣೆ ಬಡಿದುಕೊಂಡು ನಕ್ಕಳು. ಊರ್ಮಿಳಾಗೆ ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದವು.

"ಅದಕ್ಕೇ ಆವತ್ತು ನಾಚಿಕಿ ಆಗಂಗಿಲ್ಲೇನು ಅಂದೆ... ಒಳಗ ಹೆಂಡತಿ ಇಟ್ಕೊಂಡು ಕೇಳಾಕತ್ತೀರಿ ಅಂತ!"

"ಅಯ್ಯೋ ದೇವರೇ! ಸ್ವಂತ ಮನಿ ಇಲ್ಲದವ ಹೆಣ್ಣು ಕೇಳ್ತಾನ ಅಂತ ಬೈದ್ರಿ ಅನ್ಕೊಂಡೆ ನಾ!"

* * *

ದರ್ಶನ ಮುಗಿಯಿತು. ಬಯಲಿಗೆ ಬಂದಾಗ ಕೇಶವಮೂರ್ತಿಯ ಮುಖ ಬಿಗಿದಿತ್ತು. ಸಾಲಿನಲ್ಲಿ ನಿಂತಾಗಲೇ ಅಕ್ಕ ಎಲ್ಲ ಹೇಳಿದ್ದಳು.

"ಹುಡುಗ ಛಲೋ ಅದಾನ. ಆದ್ರ ಮನಿ ಇಲ್ಲದವಗ ಮಗಳನ್ನ ಹ್ಯಾಂಗ ಕೊಡ್ಲಿ?"

"ಕೇಶವಾ," ರಾಧಾಬಾಯಿ ಪ್ರಸಾದ ಹಂಚುತ್ತ ಎಂದಳು, "ಊರಾಗ ದೇವರಿಗೆ ಎರಡು ಮೂರ್ತಿ ಇರ್ತಾವೋ ಇಲ್ಲೋ? ಒಂದು ಗರ್ಭಗುಡಿ ಬಿಟ್ಟು ಏಳಂಗಿಲ್ಲ. ಇನ್ನೊಂದು ಪಾಲಕಿಯಾಗ ಕೂತು ಓಣಿ ಓಣಿ ತಿರಗತದ. ತಿರುಗೂ ದೇವರು ಬಂದಾಗ, ನಿನಗ ಮನಿ ಇಲ್ಲ ಹೋಗು ಅಂತೀಯೇನು? ಆರತಿ ಹಿಡಿದು ನಿಲ್ಲತೀ!"

ಕೇಶವಮೂರ್ತಿ ಕೈಯೊಡ್ಡಿ ಪ್ರಸಾದ ತೆಗೆದುಕೊಂಡರು.

"ಅಕ್ಕಾ, ನಿನ್ನ ಮುಂದ ನಾ ಯಾವಾಗ ಗೆದ್ದೀನಿ? ಬಾಳೂವಾಕಿ ಆಕಿ. ಆಕಿನ್ನ ಕೇಳು."

ಎಲ್ಲರೂ ಅವಳ ಕಡೆ ನೋಡಿದರು. ಊರ್ಮಿಳಾ ತಲೆ ತಗ್ಗಿಸಿ ಬಸ್ಸಿನ ಆಚೆ ಬದಿಗೆ ಹೋದಳು. ರಘುನಂದನ ಹಿಂದೆಯೇ ಬಂದ.

"ಗಾಡಿ ಮಾರಿಬಿಡ್ತೀನಿ, ಊರ್ಮಿಳಾ ಅವರ. ಒಂದು ಫ್ಲ್ಯಾಟ್ ನೋಡ್ತೀನಿ. ನೀವು ಹ್ಞೂಂ ಅನ್ರಿ ಸಾಕು."

"ಬ್ಯಾಡ. ನಾನೂ ಲಾಡ್ಜಿನಾಗ ಇದ್ದು ಸಾಕಾಗೀನಿ. ಇದರಾಗಿದ್ರ ಸಟಾಣಾದಾಗೂ ನನ್ನ ಹಾಸಿಗಿ, ಯೇವಲಾದಾಗೂ ನನ್ನ ಒಲಿ. ಜಾಗಾ ಸಣ್ಣದಂತ ನನಗ ಅಂಜಿಕಿ ಇಲ್ರಿ."

"ಮತ್ತ?"

ಅವಳ ಕಣ್ಣು ತುಂಬಿತು.

"ಗ್ವಾಡಿ ಇದ್ದ ಮನ್ಯಾಗ ಜಗಳ ಆದ್ರ, ಸಿಟ್ಟು ಬಂದವರು ಹೊರಗ ಹೋಗ್ತಾರ. ಮನಿ ಅಲ್ಲೇ ಇರ್ತದ. ತಿರುಗಿ ಬಂದ್ರ ಸಿಗತದ. ನಿಮ್ಮದು... ಮನಿನೇ ಎದ್ದು ಹೋಗ್ತದ! ಆವತ್ತು ಮುಂಜಾನೆ ನಾ ಆ ಬಯಲಾಗ ನಿಂತಿದ್ದೆ. ಬರೇ ಗಾಲಿ ಗುರುತು. ನಮ್ಮ ಬಾಗಲಕೋಟಿ ಮನಿ ಮತ್ತೊಮ್ಮೆ ಮುಳುಗಿದಂಗಾತು ನನಗ..."

ಇಷ್ಟು ವರ್ಷ ಹಗುರವೆಂದು ಹೆಮ್ಮೆಪಟ್ಟ ಬದುಕು ಇನ್ನೊಬ್ಬರ ಎದೆಯ ಮೇಲೆ ಎಷ್ಟು ಭಾರವಾಗಿ ಹಾದುಹೋಗಿದೆ ಎಂದು ರಘುನಂದನನಿಗೆ ಅಂದೇ ತಿಳಿದದ್ದು. ಅವನು ಡ್ರೈವರ್ ಬದಿಯ ಬಾಗಿಲು ತೆರೆದು ಪಕ್ಕಕ್ಕೆ ಸರಿದ.

"ಹತ್ರಿ."

"ನಾನು? ನನಗ ಬರಂಗಿಲ್ಲ!"

"ಕಲಸ್ತೀನಿ. ನೀವು ಹಿಡಿದಿದ್ರ, ನಿಮ್ಮನ್ನ ಬಿಟ್ಟು ಇದು ಎಲ್ಲಿಗೂ ಹೋಗಂಗಿಲ್ಲ."

ಅವಳು ಅವನನ್ನೇ ನೋಡಿದಳು. ಆಮೇಲೆ ಸೀರೆಯ ನೆರಿಗೆ ಹಿಡಿದು ಹತ್ತಿ ಕೂತಳು. ಪಕ್ಕದಲ್ಲಿ ಅವನು. ಮೊದಲ ಸಲ ಎಂಜಿನ್ನು ಗುರ್ರೆಂದು ಆರಿತು. ಎರಡನೆಯ ಸಲ ಬಸ್ಸು ಎಗರಿ ನಿಂತಿತು.

"ಅಗಬಾಯೀ! ಒಳಗ ದೇವರು ಅದಾನಬೇ, ಹಗೂರ!" ಹೊರಗಿನಿಂದ ರಾಧಾಬಾಯಿ ಕೂಗಿದಳು. ಕೇಶವಮೂರ್ತಿ ಪಂಚೆಯ ತುದಿ ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

ಮೂರನೆಯ ಸಲ ಬಸ್ಸು ಬಸುರಿಯಂತೆ ಮೆಲ್ಲಗೆ, ಬಯಲಿನ ಉದ್ದಕ್ಕೆ ನಡೆಯಿತು. ಅವಳ ಬೆವೆತ ಕೈಯ ಮೇಲೆ ಅವನು ತನ್ನ ಕೈಯಿಟ್ಟ.

"ಈಗರೇ ಹ್ಞೂಂ ಅಂತೀರೇನು?"

"ಹ್ಞೂಂ... ಆದ್ರ ಒಂದು ಕರಾರು. ನಿಮಗ ಸಿಟ್ಟು ಬಂದ ದಿನಾ ಸ್ಟೇರಿಂಗ್ ನನ್ನ ಕೈಯಾಗ."

"ಮತ್ತ ನಾ ಏನ್ ಮಾಡ್ಲಿ?"

"ಹಿಂದ ಹೋಗಿ ಕೂಡ್ರಿ. ಸಿಟ್ಟು ಇಳಿದ ಮ್ಯಾಲ ಮುಂದ ಬರ್ರಿ."

"ಲಗೂ ಇಳೀಲಿಲ್ಲಂದ್ರ?"

ಊರ್ಮಿಳಾ ಮುಂದಿನ ದಾರಿಯ ಮೇಲಿಂದ ಕಣ್ಣು ಕೀಳದೆ ನಕ್ಕಳು.

"ಇಳಿಯೂತನಾ ನಾ ನಡಸ್ತೀನಿ!"