ವರ್ನಾಳ ಜಾಲರಿ ಬಾಗಿಲು

ಇದು ನಡೆದದ್ದೇ. ಸುಳ್ಳಾದರೆ ಅರಿಜೋನಾದ ಗಿಲಕಿ ಹಾವುಗಳೆಲ್ಲ ನನ್ನ ಬೂಟಿನೊಳಗೆ ಸಂಸಾರ ಹೂಡಲಿ.

ಒಂದು ಚಳಿಗಾಲದ ಬೆಳಿಗ್ಗೆ ಹಾರ್ಲನ್‌ನ ಬಂದೂಕಿನ ಅಂಗಡಿಗೆ ಮುದುಕಿ ವರ್ನಾ ಬಂದಾಗ, ಟ್ರೂಡಿ ಎಂದಿನಂತೆ ಒಲೆಯ ಪಕ್ಕ ಕಾಫಿ ಹೀರುತ್ತಿದ್ದಳು. ಟ್ರೂಡಿ ನಿವೃತ್ತ ಪೊಲೀಸಮ್ಮ. ಕಳೆದುಹೋದ ಕತ್ತೆಯಿಂದ ಕೊಲೆಯವರೆಗೆ ಊರಿನ ಪತ್ತೇದಾರಿಕೆಯೆಲ್ಲ ಅವಳದೇ.

"ನನ್ನನ್ನ ಜೈಲಿಗೆ ಹಾಕಿಸು ಟ್ರೂಡಿ. ಪಕ್ಕದ್ಮನೆ ಎಮೆಟ್‌ನ ಕೊಂದ್ಬಿಟ್ಟೆ," ಎಂದಳು ವರ್ನಾ. ರಾತ್ರಿಯಿಡೀ ಅತ್ತ ಮುಖ. "ನಿನ್ನೆ ಊಟಕ್ಕೆ ಕೂತಿದ್ದೆ. ಕೋಳಿಗೂಡಿನ ಹತ್ರ ಧಡ್ ಅಂತು. ಕಳ್ಳ ಅಂದ್ಕೊಂಡು ಜಾಲರಿ ಬಾಗಿಲೊಳಗಿಂದ್ಲೇ ಕಣ್ಮುಚ್ಚಿ ಒಂದು ಹೊಡ್ದೆ. ಹೋಗಿ ನೋಡಿದ್ರೆ ಬೇಲಿ ಹತ್ರ ಎಮೆಟ್... ಡೆಪ್ಯುಟಿ ಪೊಲೀಸಪ್ಪ ಬಂದು ಗನ್ನನ್ನಷ್ಟೇ ಒಯ್ದ."

"ಗುಂಡಿನ ಸದ್ದು ಎಷ್ಟು ಸಲ ಕೇಳಿಸ್ತು?" ಎಂದಳು ಟ್ರೂಡಿ.

"ಎರಡು ಸಲ. ಬಾಗಿಲ ಚಿಲಕ ತಡಕಾಡೋವಾಗ ಸದ್ದು ಬೆಟ್ಟಕ್ಕೆ ಬಡಿದು ತಿರುಗಿ ಬಂತು."

ಹಾರ್ಲನ್ ತಲೆ ಕೆಳಗೆ ಹಾಕಿದ. "ಪಾಪ ನನ್ನದು. ಇವಳು ದೊಡ್ಡ ಗುಂಡಿನ ಗನ್ನೇ ಬೇಕು ಅಂದ್ಲು. ಗಂಟು ಬೆರಳಿಗೆ ಅದು ಒದೆಯುತ್ತೆ, ಗುರಿ ತಪ್ಪುತ್ತೆ ಕಣಮ್ಮ, ಪಾಯಿಂಟ್ ಮೂವತ್ತೆಂಟರ ಚಿಕ್ಕ ಗನ್ನು ಸಾಕು ಅಂದೆ. ಮೂತಿಯಲ್ಲಿ ಕುಳಿ ಇರೋ ಗುಂಡು ಕೊಟ್ಟೆ. ಅದು ಮೈಯೊಳಗೇ ಅರಳಿ ನಿಲ್ಲುತ್ತೆ, ಹಾದುಹೋಗಿ ಇನ್ನೊಬ್ರಿಗೆ ತಗಲೋದು ಕಮ್ಮಿ ಅಂತ. ನಾನು ಮಾರದಿದ್ರೆ ಎಮೆಟ್ ಇವತ್ತು ಇರ್ತಿದ್ದ."

ಟ್ರೂಡಿ ಹೊರಟಳು. ಮೊದಲು ಎಮೆಟ್‌ನ ಹೆಣ ನೋಡಿದ ಡಾಕ್ಟರರ ಬಳಿ, ಆಮೇಲೆ ವರ್ನಾಳ ಮನೆಗೆ. ಸಂಜೆ ಆ ಜಾಲರಿ ಬಾಗಿಲನ್ನೇ ಕಿತ್ತು ಹೊತ್ತುಕೊಂಡು ಅಂಗಡಿಗೆ ಬಂದಳು. ವರ್ನಾ, ಹಾರ್ಲನ್ ಅಲ್ಲೇ ಇದ್ದರು. ಎಮೆಟ್‌ನ ಜತೆ ಒಂದೇ ಬಾವಿ ಹಂಚಿಕೊಂಡು ದಿನಾ ಜಗಳವಾಡುತ್ತಿದ್ದ ರಾಯ್ಸ್‌ನನ್ನೂ ಕರೆಸಿದ್ದಳು.

"ನೋಡ್ರಪ್ಪಾ, ಮನೆ ಕಾಯೋಕೆ ಯಾವ ಗುಂಡು ಒಳ್ಳೇದು?" ಎಂದಳು, ಕಾಫಿ ಹಿಡಿದು ಹರಟೆಗೆ ಕೂತವಳಂತೆ.

ರಾಯ್ಸ್ ನಕ್ಕ. "ಈ ಹಾರ್ಲನ್‌ನ ಕೇಳ್ಬೇಡ. ಕುಳಿ ಗುಂಡು, ಕುಳಿ ಗುಂಡು ಅಂತ ಪುರಾಣ ಹೇಳ್ತಾನೆ. ಎಮೆಟ್‌ನ ಮಲಗಿಸಿದ್ದು ಹಳೇ ಚಪ್ಪಟೆ ಮೂತಿಯ ಸೀಸದ ಗುಂಡು!"

ಟ್ರೂಡಿ ಲೋಟ ಕೆಳಗಿಟ್ಟಳು. "ಹಾರ್ಲನ್, ಇವಳ ಗನ್ನಿಗೆ ತೋಟಾ ತುಂಬಿದ್ದು ಯಾರು?"

"ನಾನೇ, ಬೇಸಿಗೇಲಿ. ಎಲ್ಲರಿಗೂ ಮಾಡೋ ಹಾಗೆ ಮೊದಲನೇದು ಹಾವಿಗೆ ಅಂತ, ಸಣ್ಣ ಕಾಳು ತುಂಬಿದ ಚರೆ ತೋಟಾ. ಚಳಿ ಬಿದ್ಮೇಲೆ ತೆಗೆದು ಕುಳಿ ಗುಂಡು ಹಾಕ್ಕೊ ಅಂದಿದ್ದೆ."

"ಹಾಕ್ಕೊಂಡ್ಯಾ ವರ್ನಾ?"

"ಈ ಬೆರಳಲ್ಲಾ? ಆ ಗನ್ನನ್ನ ಬಿಚ್ಚೇ ಇಲ್ಲ."

ಟ್ರೂಡಿ ಬಾಗಿಲನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಜಾಲರಿಯ ತುಂಬ ಸಾಸಿವೆ ಗಾತ್ರದ ತೂತುಗಳು. ಬೆರಳು ತೂರುವಂಥದ್ದು ಒಂದೂ ಇಲ್ಲ.

"ಇವಳು ಹೊಡೆದದ್ದು ಬರೀ ಚರೆ. ಬೇಲಿವರೆಗೆ ಹೋದ್ರೂ ಅಂಗಿ ಹರಿಯಲ್ಲ. ಇವಳೇ 'ನಾನು ಕೊಂದೆ' ಅಂತ ಅತ್ತಾಗ ಡೆಪ್ಯುಟಿ ಒಂದು ಖಾಲಿ ತೋಟಾ ಕಂಡು ಗನ್ನನ್ನ ಚೀಲಕ್ಕೆ ಹಾಕ್ದ, ತೋಟಾ ಯಾವುದು ಅಂತ ನೋಡ್ಲೇ ಇಲ್ಲ. ಚಿಲಕ ತಡಕೋವರೆಗೂ ಕಾಯೋ ಪ್ರತಿಧ್ವನಿ ಎಲ್ಲಾದ್ರೂ ಉಂಟಾ? ಎರಡನೇದು ಬೇರೆ ಗನ್ನು. ಕೋಳಿಗೂಡಿಗೆ ಕಲ್ಲೆಸೆದು ಇವಳ ಕೈಲಿ ಗುಂಡು ಹಾರಿಸಿ, ಸದ್ದು ಕೇಳಿ ಓಡಿಬಂದ ಎಮೆಟ್‌ನ ಕೊಂದ್ರು. ಎಮೆಟ್‌ನ ಮೈಯಿಂದ ತೆಗೆದ ಗುಂಡು ಚಪ್ಪಟೆ ಮೂತೀದು ಅಂತ ಗೊತ್ತಿದ್ದದ್ದು ಡಾಕ್ಟರಿಗೆ, ನನಗೆ." ಟ್ರೂಡಿ ತಿರುಗಿದಳು. "ನಿನಗೆ ಹೇಗೆ ಗೊತ್ತಾಯ್ತು ರಾಯ್ಸ್?"

ರಾಯ್ಸ್ ಅಂಗಡಿಯ ಬಾಗಿಲ ಕಡೆ ನೋಡಿದ. ಅಲ್ಲಿ ಆಗಲೇ ಡೆಪ್ಯುಟಿ ನಿಂತಿದ್ದ.

ರಾಯ್ಸ್‌ನನ್ನು ಕರೆದೊಯ್ದ ಮೇಲೂ ವರ್ನಾ ಜಾಲರಿ ಬಾಗಿಲಿನ ಸಣ್ಣ ತೂತುಗಳನ್ನೇ ಸವರುತ್ತಿದ್ದಳು. "ನನಗೇನೋ ಆಯ್ತು ಅಂತ ಎಮೆಟ್ ಓಡಿಬಂದ, ಟ್ರೂಡಿ. ನಾನು ಹೊಡೀದಿದ್ರೆ ಬರ್ತಿರ್ಲಿಲ್ಲ."

ಟ್ರೂಡಿ ಅವಳ ಪಕ್ಕ ಬಂದು ನಿಂತಳು. ತನ್ನ ಕಾಫಿಯನ್ನು ಅವಳ ಕೈಗಿತ್ತಳು.

ಆ ಬಾಗಿಲು ಇಂದಿಗೂ ಅಂಗಡಿಯಲ್ಲಿ ತೂಗುತ್ತಿದೆ. ಈಗ ನೀವು ಹೇಳಿ: ನಿಮ್ಮ ಗನ್ನಿನಲ್ಲಿ ಮೊದಲು ಹಾರುವುದು ಚರೆಯೋ, ಗುಂಡೋ? ಬಿಚ್ಚಿ ನೋಡುವಂತಿಲ್ಲ. ಗೊತ್ತಿಲ್ಲದವರು, ಗನ್ನೇ ಇಲ್ಲದವರು, ನನಗೊಂದು ಕಾಫಿ ಕೊಡಿಸಿಯೇ ಏಳಬೇಕು.