ಹಿಪ್ಪುನೇರಳೆ ನಿಂತಿದ್ದ ಜಾಗ

"ಒಂದು ಚೂರೂ ಕಾಂಪೌಂಡಿನೊಳಗೆ ಉಳೀಬಾರದು," ಎಂದರು ಅತ್ತೆ. "ಎಲೆ, ತೊಗಟೆ, ಬೇರು, ಎಲ್ಲಾನೂ ಲಾರೀಲಿ ಹೇರಿಸಿ ಆಚೆ ಕಳಿಸು. ದೂರ ಎಲ್ಲಾದ್ರೂ ಸುಟ್ಟು ಹಾಕ್ಲಿ. ಬೇಕಾದ್ರೆ ನಿನ್ನ ಕಾಲಿಗೆ ಬೀಳ್ತೀನಿ."

ಸೊಸೆಗೆ ನಗು ಬಂತು. ಅತ್ತೆಯೊಬ್ಬರು ಸೊಸೆಯ ಕಾಲಿಗೆ ಬೀಳುತ್ತೇನೆ ಅಂದದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಅದೂ ಹಿತ್ತಿಲಲ್ಲಿ ಕಡಿಸಿದ ಒಂದು ಒಣ ಹಿಪ್ಪುನೇರಳೆ ಮರದ ಸಲುವಾಗಿ.

ಎರಡನೇ ಹೆಂಡತಿಯಾಗಿ ಆ ಮನೆಗೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಅದಕ್ಕೂ ಮೊದಲು ಸಸಿಗಳ ನರ್ಸರಿಯೊಂದರಲ್ಲಿ ಮಣ್ಣು ಹದ ಮಾಡುವ ಕೆಲಸದಲ್ಲಿದ್ದಳು. ಅಲ್ಲಿ ಎಲ್ಲರೂ ಅವಳನ್ನು ಗೊಬ್ಬರದಕ್ಕ ಎಂದೇ ಕರೆಯುತ್ತಿದ್ದರು, ಅವಳಿಗೂ ಅದು ಬಿರುದು ಸಿಕ್ಕಷ್ಟೇ ಹೆಮ್ಮೆ. ಅವಳದು ಒಂದೇ ಹಟ. ತೋಟದಲ್ಲಿ ಬೆಳೆದದ್ದು ತೋಟದ ಗೇಟು ದಾಟಬಾರದು. ಉದುರಿದ ಎಲೆ, ಕತ್ತರಿಸಿದ ಕೊಂಬೆ, ತರಕಾರಿ ಸಿಪ್ಪೆ, ಚಹಾದ ಚರಟ, ಎಲ್ಲವೂ ಮರಳಿ ಮಣ್ಣಿಗೇ ಹೋಗಬೇಕು. ಒಣ ಎಲೆಗೆ ಬೆಂಕಿ ಹಚ್ಚುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

"ಅತ್ತೆ, ಮರ ಗೋಡೆ ಮೇಲೆ ವಾಲಿತ್ತು, ಕಡಿಸಿದ್ವಿ. ಈಗ ಆ ಮಣ್ಣು ನೋಡಿ, ಕಲ್ಲಾಗಿ ಕೂತಿದೆ. ಒಂದು ಎರೆಹುಳ ಇಲ್ಲ. ಇಷ್ಟು ವರ್ಷ ತಿಂದಿದ್ದನ್ನ ಮರ ವಾಪಸ್ ಕೊಡ್ಲಿ ಬಿಡಿ."

"ಅದು ತಿಂದಿದ್ದು ಏನು ಅಂತ ನಿಂಗೊತ್ತಿಲ್ಲ."

"ಏನು ತಿಂತು? ಹೇಳಿ ಮತ್ತೆ."

ಅತ್ತೆ ಹಿಂದಕ್ಕೆ ತಿರುಗಿ ನೋಡಿದರು. ಹಿತ್ತಿಲ ಮೆಟ್ಟಿಲ ಮೇಲೆ ಮೊಮ್ಮಗಳು ಪುಟ್ಟಿ ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಅವಳ ಮುಂದೆ ಆಡುವ ಮಾತಲ್ಲ ಎಂಬಂತೆ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ನಡೆದರು. ಗೊಬ್ಬರದಕ್ಕ ಮರ ಪುಡಿ ಮಾಡುವ ಯಂತ್ರದವನಿಗೆ ಕೈಸನ್ನೆ ಮಾಡಿದಳು.

ಕೊಂಬೆಗಳೆಲ್ಲ ಚೆನ್ನಾಗಿಯೇ ಪುಡಿಯಾದವು. ದಪ್ಪ ಕಾಂಡದ ತುಂಡು ಒಳಗೆ ಹೋದದ್ದೇ ಯಂತ್ರ ಕಿರುಚಿಕೊಂಡಿತು. ಯಂತ್ರದವನು ಸ್ವಿಚ್ಚು ಆರಿಸಿ, ತುಂಡನ್ನು ಹೊರಗೆಳೆದು, ನೋಡಿ ಹಿಂದಕ್ಕೆ ಸರಿದ. ಕಾಂಡದಲ್ಲಿ ಯಾರೋ ಬಾಯಿಯ ಆಕಾರಕ್ಕೆ ಗುಳಿ ಕೊರೆದಿದ್ದರು. ಸುತ್ತ ತುಕ್ಕು ಹಿಡಿದ ಕಬ್ಬಿಣದ ಮೊಳೆಗಳು, ಒಳಗೆ ಗಿಡಿದು ತುಂಬಿದ ಕೂದಲು. ಮರ ಒಣಗಿ ಸೌದೆಯಾಗಿದ್ದರೂ ಕೂದಲು ಮಾತ್ರ ಹಸಿಯಾಗಿತ್ತು.

"ಅಕ್ಕಾ, ಇದನ್ನ ನಾನು ಮುಟ್ಟಲ್ಲ," ಎಂದ ಅವನು.

"ನೀನು ಮುಟ್ಟಬೇಡಪ್ಪ, ನಂಗೇನು ಕೈಯಿಲ್ವಾ?"

ಇಕ್ಕಳ ತಂದು ಮೊಳೆಗಳನ್ನು ಕಿತ್ತಳು. ಕೂದಲಿಗೆ ಕೈ ಹಾಕಿ ಎಳೆದಳು. ಬಂತು. ಇನ್ನೂ ಬಂತು. ಬೆರಳಿಗೆ ಬೆಚ್ಚಗೆ, ಜಿಡ್ಡುಜಿಡ್ಡಾಗಿ ಅಂಟಿಕೊಂಡಿತು. ಎಷ್ಟೋ ದಿನದಿಂದ ತೊಳೆಯದ ತಲೆಯ ಕಮಟು ವಾಸನೆ ಮೂಗಿಗೆ ರಾಚಿತು. ಯಂತ್ರದವನು ಮೂಗು ಮುಚ್ಚಿಕೊಂಡ. ಆದರೆ ಅವಳು ಸಗಣಿ, ಮೂಳೆಪುಡಿ, ಕೊಳೆತ ಮೀನು ಎಲ್ಲವನ್ನೂ ಬರಿಗೈಯಲ್ಲಿ ಕಲಸಿದವಳು.

"ಕೂದಲು ಅಂದ್ರೆ ಅಪ್ಪಟ ಗೊಬ್ಬರ ಕಣಪ್ಪ. ನಿಧಾನಕ್ಕೆ ಕರಗುತ್ತೆ, ವರ್ಷಗಟ್ಟಲೆ ಮಣ್ಣಿಗೆ ಊಟ." ಹೀಗೆಂದು ಅದನ್ನು ಪುಡಿಯ ರಾಶಿಗೆ ಎಸೆದು ಸಲಿಕೆಯಿಂದ ಬೆರೆಸಿಬಿಟ್ಟಳು. ಬುದ್ಧಿವಂತರು ಮಾತ್ರ ಮಾಡುವ ತಪ್ಪುಗಳಲ್ಲಿ ಇದೂ ಒಂದು.

ಆಮೇಲಿನ ಕೆಲಸವನ್ನು ಅವಳು ಪಾಠ ಒಪ್ಪಿಸಿದಷ್ಟು ಅಚ್ಚುಕಟ್ಟಾಗಿ ಮಾಡಿದಳು. ಬೇರು ಅಗೆಸಿದಳು. ಮಾಗದ ಮರದಪುಡಿ ಮಣ್ಣಿನ ಸಾರ ಹೀರದಿರಲೆಂದು ಅದಕ್ಕೆ ಸಗಣಿ, ಅಡುಗೆಮನೆಯ ಕಸ, ಒಣ ಎಲೆ ಪದರಪದರವಾಗಿ ಸೇರಿಸಿ, ಗೋಣಿ ಹೊದಿಸಿ ನೆನೆಸಿದಳು. ಮಾಗಿದ ಮೇಲೆ ಹಿತ್ತಿಲ ತುಂಬ ಹರಡಿದಳು. ಹಳೇ ಮರದ ಗುಂಡಿಯಲ್ಲೇ ಹೊಸ ಮರ ನೆಡಬಾರದು, ಆ ಮಣ್ಣು ದಣಿದಿರುತ್ತದೆ ಎಂದು ಅತ್ತೆಗೆ ಬಿಡಿಸಿ ಹೇಳಿ, ದಾಳಿಂಬೆ ಸಸಿಯನ್ನು ಗುಂಡಿಯಿಂದಾಚೆ ನೆಟ್ಟಳು. ಉಳಿದ ಕಡೆ ಹುರುಳಿಕಾಯಿ, ಸೊಪ್ಪು, ಟೊಮೆಟೊ. ಅತ್ತೆ ಅಂದಿನಿಂದ ಹಿತ್ತಿಲಿಗೆ ಕಾಲಿಡಲಿಲ್ಲ. ಅಲ್ಲಿಯ ಒಂದೆಲೆಯನ್ನೂ ತಟ್ಟೆಗೆ ಹಾಕಿಸಿಕೊಳ್ಳಲಿಲ್ಲ, ಮಗುವಿಗೂ ಕೊಡಬೇಡ ಎಂದರು.

ಇಷ್ಟೆಲ್ಲ ಹುರುಪಿನ ಹಿಂದೆ ಅವಳಿಗೊಂದು ಆಸೆಯಿತ್ತು. ಪುಟ್ಟಿ ಅವಳ ಕೈಯ ಊಟ ಮಾಡುತ್ತಿರಲಿಲ್ಲ. ಹೆರಿಗೆಯಲ್ಲೇ ತಾಯಿಯನ್ನು ಕಳೆದುಕೊಂಡ ಮಗು. ಹೊಸಬಳನ್ನು "ನೀವು" ಎನ್ನುತ್ತಿತ್ತು, ತುತ್ತು ಹತ್ತಿರ ತಂದರೆ ತುಟಿ ಬಿಗಿಯುತ್ತಿತ್ತು. ಅಪ್ಪ ಲಾರಿ ಓಡಿಸುವವನು, ಮನೆಯಲ್ಲಿದ್ದದ್ದೇ ಅಪರೂಪ. ಹೇಗಾದರೂ ಈ ಮಗುವಿನ ಬಾಯಲ್ಲಿ ಒಮ್ಮೆ ಅಮ್ಮಾ ಎನಿಸಿಕೊಳ್ಳಬೇಕು ಎಂದು ಅವಳ ಜೀವ ಹಪಹಪಿಸುತ್ತಿತ್ತು.

ತೋಟ ಅವಳ ಕೈ ಹಿಡಿಯಿತು. ಟೊಮೆಟೊಗಳು ಮುಷ್ಟಿಗಿಂತ ದಪ್ಪ ಬಂದವು. ಒಂದು ಬೆಳಿಗ್ಗೆ ಪುಟ್ಟಿ ತಾನೇ ಬಂದು, ಒಂದನ್ನು ಕಿತ್ತು, ನಿಂತಲ್ಲೇ ತಿಂದಳು. ಮತ್ತೊಂದು ತಿಂದಳು. ಗೊಬ್ಬರದಕ್ಕನ ಕಣ್ಣಲ್ಲಿ ನೀರು ಬಂತು. ಮಣ್ಣಿನಲ್ಲಿ ಎರೆಹುಳಗಳು ಬೆರಳುಗಾತ್ರ ಊದಿಕೊಂಡು ಒಂದಕ್ಕೊಂದು ಹೆಣೆದು ಬಿದ್ದಿದ್ದನ್ನೂ, ಮಳೆ ಬಿದ್ದಾಗ ಮಣ್ಣಿನ ಬದಲು ತೊಳೆಯದ ತಲೆಯ ಜಿಡ್ಡು ನಾರುವುದನ್ನೂ ಅವಳು ಗಮನಿಸದೆ ಇರಲಿಲ್ಲ. ಗಮನಿಸಿಯೂ ಸುಮ್ಮನಿದ್ದಳು. ಮಗು ತಿನ್ನುತ್ತಿತ್ತಲ್ಲ.

ಮೊದಲು ಪುಟ್ಟಿಗೆ ಸಣ್ಣ ಕೆಮ್ಮು. ಆಮೇಲೆ ನಾಲಿಗೆಯ ಮೇಲೊಂದು ಕೂದಲು. ಊಟದಲ್ಲಿ ಬಿದ್ದದ್ದಿರಬೇಕು ಎಂದು ತೆಗೆದು ಬಿಸಾಡಿದಳು. ಪುಟ್ಟಿಯದು ಕಿವಿಯವರೆಗೆ ಕತ್ತರಿಸಿದ ಕೂದಲು. ಇದು ಮೊಳದುದ್ದವಿತ್ತು. ದಿನ ಕಳೆದಂತೆ ಮಗುವಿನ ಕೈಕಾಲು ಕಡ್ಡಿಯಾಗಿ, ಹೊಟ್ಟೆ ಮಾತ್ರ ಉಬ್ಬಿತು. ಡಾಕ್ಟರು ಜಂತುಹುಳದ ಔಷಧಿ ಕೊಟ್ಟರು. ಅದೇ ತೋಟದ್ದನ್ನೇ ತಾನೂ ತಿನ್ನುತ್ತಿದ್ದ ಗೊಬ್ಬರದಕ್ಕನಿಗೆ ಏನೂ ಆಗಿರಲಿಲ್ಲ. ಹಾಗಾಗಿ ತೋಟದ ಮೇಲೆ ಅವಳಿಗೆ ಅನುಮಾನವೇ ಬರಲಿಲ್ಲ.

ಒಂದು ಮಧ್ಯಾಹ್ನ ಸಾರಿಗೆಂದು ಟೊಮೆಟೊ ಹೆಚ್ಚಲು ಕೂತಳು. ಚಾಕು ಜಾರಿತು. ಒತ್ತಿ ಕುಯ್ದಳು. ಬೀಜವಿರಬೇಕಾದ ಕಡೆ ಕಪ್ಪು ಕೂದಲು ಸುರುಳಿ ಸುತ್ತಿ ಕೂತಿತ್ತು. ಲೋಳೆಯಲ್ಲಿ ನೆನೆದು ಮಿರುಗುತ್ತಿತ್ತು. ಇನ್ನೊಂದು ಕುಯ್ದಳು. ಅದರಲ್ಲೂ ಅದೇ. ಹುರುಳಿಕಾಯಿ ಮುರಿದಳು. ನಾರಿನ ಬದಲು ಕೂದಲು ಕಿತ್ತು ಬಂತು.

ಹೊರಗೆ ಪುಟ್ಟಿ ಕೆಮ್ಮತೊಡಗಿದಳು.

ಓಡಿದಳು. ಮಗು ಮೆಟ್ಟಿಲ ಮೇಲೆ ಬೋರಲು ಬಿದ್ದಿತ್ತು. ಮುಖ ನೀಲಿಗಟ್ಟಿತ್ತು. ಬಾಯಿಯಿಂದ ಕಪ್ಪು ಎಳೆಯೊಂದು ಜೋತಾಡುತ್ತಿತ್ತು. ಹಿಡಿದು ಎಳೆದಳು. ಬಂತು. ಜಡೆಯಷ್ಟು ದಪ್ಪ. ಜೊಲ್ಲು, ಪಿತ್ತ, ಅರೆಜೀರ್ಣವಾದ ಅನ್ನದ ಅಗುಳು ಅಂಟಿಕೊಂಡು ಬಂತು. ಹುಳಿವಾಸನೆ. ಕೈಮೇಲೆ ಕೈ ಹಾಕಿ ಎಳೆದಳು. ಮುಗಿಯಲಿಲ್ಲ. ಮಗುವಿನ ಕಣ್ಣು ಮೇಲಕ್ಕೆ ಹೋಯಿತು. ಕೊನೆಗೆ ಪಿಚಕ್ಕೆಂದು ಒಂದು ಉಂಡೆ ಹೊರಬಿತ್ತು. ಪುಟ್ಟಿ ಉಸಿರೆಳೆದುಕೊಂಡಳು. ಗೊಬ್ಬರದಕ್ಕ ಅಲ್ಲೇ ವಾಂತಿ ಮಾಡಿಕೊಂಡಳು.

ಬಾಗಿಲಲ್ಲಿ ಅತ್ತೆ ಗೋಡೆ ಹಿಡಿದು ನಿಂತಿದ್ದರು.

"ನಿನ್ನ ಗಂಡನಿಗೊಬ್ಬಳು ತಂಗಿ ಇದ್ದಳು," ಎಂದರು. "ದಾಯಾದಿಗಳು ಮಾಟ ಮಾಡಿಸಿದ್ರು. ಈ ಮನೆ ರಕ್ತ ಹಂಚಿಕೊಂಡ ಮಗು ಏನು ತಿಂದ್ರೂ ಹೊಟ್ಟೇಲಿ ಕೂದಲಾಗಬೇಕು ಅಂತ. ಹೀಗೇ ಎಳೆದೆ ನಾನೂ. ಎಳೆದು ಮುಗಿಯೋಷ್ಟರಲ್ಲಿ ಅವಳು ಇರಲಿಲ್ಲ."

"ಮರದಲ್ಲಿದ್ದಿದ್ದು..."

"ಅವಳ ಹೊಟ್ಟೇಲಿದ್ದಿದ್ದು. ಮಾಟಕ್ಕೆ ಒಂದು ಬಾಯಿ ಬೇಕಂತೆ. ನಿನ್ನ ಗಂಡ ಆಗಿನ್ನೂ ಹುಡುಗ, ಅವನಿಗೂ ತಗುಲಬಾರದು ಅಂತ ಮಂತ್ರವಾದಿ ಮರಕ್ಕೆ ಬಾಯಿ ಕೊರೆದು ತುಂಬಿಸಿ ಮೊಳೆ ಹೊಡೆದ. ಅದು ತಿಂದುಕೊಂಡು ನಿಂತಿತ್ತು. ನೀನು ಮೊಳೆ ಕಿತ್ತು ಹಿತ್ತಿಲ ತುಂಬ ಹರಡಿದೆ."

ಗೊಬ್ಬರದಕ್ಕನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. "ಎಲ್ಲಾ ಅಗೆದು ಆಚೆ ಹಾಕ್ತೀನಿ. ಬೇರೆ ಮರ ನೆಡ್ತೀನಿ."

"ಆ ಮರ ಬಾಯಿ ಕೊರೆಯೋಷ್ಟು ದಪ್ಪ ಆಗೋ ತನಕ ಇವಳು ಇರ್ತಾಳಾ?"

ಇಬ್ಬರೂ ಮಗುವನ್ನು ನೋಡಿದರು. ಗಂಟಲಿನಲ್ಲಿ ಆಗಲೇ ಮತ್ತೆ ಏನೋ ಗೊರಗೊರ ಎನ್ನುತ್ತಿತ್ತು.

"ಮನುಷ್ಯರ ಬಾಯಿ ಆಗಲ್ವಾ?" ಎಂದಳು ಸೊಸೆ.

"ಆಗುತ್ತೆ ಅಂದಿದ್ದ ಮಂತ್ರವಾದಿ. ಮರ ಇದ್ದ ಜಾಗದಲ್ಲೇ ಕೂತು, ಮಗು ಕೈಯಿಂದ ಮಾಟ ತಗುಲಿದ ಮಣ್ಣೆಲ್ಲ ಮುಗಿಯೋ ತನಕ ತಿನ್ನಬೇಕು. ರಕ್ತಸಂಬಂಧ ಇರಬಾರದು. ನಾನು ತಿಂದ್ರೆ ನನ್ನ ಹೊಟ್ಟೇಲೂ ಬೆಳೆಯುತ್ತೆ, ಇವಳನ್ನೂ ಬಿಡಲ್ಲ." ಅತ್ತೆ ಸೊಸೆಯ ಮುಖ ನೋಡಲಾರದೆ ನೆಲ ನೋಡಿದರು. "ಬೇರೆ ಯಾರೂ ಇಲ್ಲ ಅಂತ ಅವತ್ತು ಮರ ಹುಡುಕಿದ್ದು."

ಈ ಮಗುವನ್ನು ತಾನೇ ಹೆತ್ತಿದ್ದರೆ ತನ್ನ ಬಾಯಿ ಕೆಲಸಕ್ಕೆ ಬರುತ್ತಿರಲಿಲ್ಲ. ಗೊಬ್ಬರದಕ್ಕನಿಗೆ ಅದು ಹೊಳೆಯಿತು. ಪುಟ್ಟಿಯನ್ನು ಎತ್ತಿಕೊಂಡು ಹೋಗಿ, ಹೊಸ ಮರ ನೆಡಬಾರದೆಂದು ತಾನೇ ಹೇಳಿದ್ದ ಗುಂಡಿಯಲ್ಲಿ ಕೂತಳು. ಮಗುವಿನ ಪುಟ್ಟ ಕೈಗೆ ಹಿಡಿ ಮಣ್ಣು ತುಂಬಿದಳು.

"ತಿನ್ನಿಸು ಪುಟ್ಟಿ."

ಮಗು ಕೈ ಹಿಂದಕ್ಕೆಳೆದುಕೊಂಡಿತು. ಕೆಮ್ಮಿತು. ತುಟಿಯ ಸಂದಿಯಲ್ಲಿ ಕಪ್ಪು ಎಳೆ ಇಣುಕಿತು.

"ಬೇಗ ಮಗಾ."

ಪುಟ್ಟ ಕೈ ಅವಳ ಬಾಯಿಗೆ ಬಂತು. ಮಣ್ಣು ತಣ್ಣಗಿತ್ತು. ಜಿಡ್ಡಿತ್ತು. ನಾಲಿಗೆಯ ಮೇಲೆ ಅದು ಹೊರಳಿತು. ನುಂಗಿದಳು. ಗಂಟಲಲ್ಲಿ ಬೇರು ಬಿಟ್ಟಿತು. ಹಲ್ಲಿನ ಸಂದಿಗಳಲ್ಲಿ ನುಸುಳಿತು. ಕಿರುಚಲು ಹೋದಳು. ದನಿ ಇರಲಿಲ್ಲ. ನಾಲಿಗೆಯನ್ನು ಎಳೆಗಳು ಸುತ್ತಿ ಕಟ್ಟಿದ್ದವು.

ಎದುರಿಗೆ ಪುಟ್ಟಿಯ ಗೊರಗೊರ ನಿಂತಿತ್ತು. ಕೆನ್ನೆಗೆ ಬಣ್ಣ ಬರುತ್ತಿತ್ತು.

ಊರಿಗೆ ಮರಳಿದ ಗಂಡ ಅವಳನ್ನು ಎತ್ತಿ ಒಳಗೆ ಮಲಗಿಸಿದ. ಮಲಗಿಸಿದ್ದೇ ತಡ, ಮಗಳಿಗೆ ಕೆಮ್ಮು ಶುರುವಾಯಿತು. ಗೊಬ್ಬರದಕ್ಕ ತಾನೇ ತೆವಳಿಕೊಂಡು ಗುಂಡಿಗೆ ಹೋದಳು. ಆಮೇಲೆ ಯಾರೂ ಅವಳನ್ನು ಎತ್ತಲಿಲ್ಲ. ಬಿಸಿಲು, ಮಳೆ ಅವಳ ಮೇಲೆಯೇ ಬೀಳುತ್ತವೆ. ಗಂಡ ಒಂದು ತಗಡು ಕಟ್ಟಿದ್ದಾನೆ, ಹತ್ತಿರ ಮಾತ್ರ ಬರುವುದಿಲ್ಲ. ಆ ವಾಸನೆಗೆ ಅವನಿಗೆ ಓಕರಿಕೆ ಬರುತ್ತದೆ.

ಪುಟ್ಟಿ ಈಗ ಮೈಕೈ ತುಂಬಿಕೊಂಡಿದ್ದಾಳೆ. ಅಂಗಡಿಯಿಂದ ತಂದ ತರಕಾರಿಯ ಊಟವನ್ನು ಅಜ್ಜಿಯ ಕೈಯಿಂದ ಹೊಟ್ಟೆತುಂಬ ಉಣ್ಣುತ್ತಾಳೆ. ಉಂಡು ಕೈ ತೊಳೆದು ಹಿತ್ತಿಲಿಗೆ ಬರುತ್ತಾಳೆ. ಹೆದರುವುದಿಲ್ಲ, ಅಸಹ್ಯ ಪಡುವುದಿಲ್ಲ. ಗೊಬ್ಬರದಕ್ಕನ ಬಾಯಿಗೆ ಅಡ್ಡ ಬಂದ ಎಳೆಗಳನ್ನು ಬೆರಳಿನಿಂದ ಸರಿಸಿ, ಪಾತಿಯಿಂದ ಒಂದು ಹಿಡಿ ಮಣ್ಣು ತೆಗೆದು, ಮುದ್ದೆ ಮಾಡಿ ಹಿಡಿಯುತ್ತಾಳೆ.

"ಅಮ್ಮಾ," ಎನ್ನುತ್ತಾಳೆ. "ಬಾಯಿ ತೆಗಿ ಅಮ್ಮಾ."

ಗೊಬ್ಬರದಕ್ಕ ಬಾಯಿ ತೆಗೆಯುತ್ತಾಳೆ. ಹಿತ್ತಿಲು ದೊಡ್ಡದು, ಇನ್ನೂ ಮೊದಲ ಪಾತಿಯೇ ಮುಗಿದಿಲ್ಲ.